ನಂಬಿಕೆಯ ಮೇಲೆ ಕಟ್ಟಿದ ಜಾಲ

ಇಂಟರ್ನೆಟ್ಟನ್ನು ಭದ್ರಪಡಿಸಬಹುದೇ ಎಂಬ ಪ್ರಶ್ನೆ ಇಂಟರ್ನೆಟ್ಟಿಗಿಂತ ಹಳೆಯದು. 1967ರಲ್ಲಿ ಅಮೆರಿಕದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ ರ‍್ಯಾಂಡ್ ಸಂಸ್ಥೆಯ ಎಂಜಿನಿಯರ್ ವಿಲ್ಲಿಸ್ ವೇರ್ ಒಂದು ಪ್ರಬಂಧ ಮಂಡಿಸಿದರು. ಒಂದೇ ದೊಡ್ಡ ಕಂಪ್ಯೂಟರನ್ನು ಬೇರೆಬೇರೆ ಕಡೆ ಕುಳಿತ ಹಲವರು ಟೆಲಿಫೋನ್ ತಂತಿಯ ಮೂಲಕ ಹಂಚಿಕೊಂಡು ಬಳಸುವ ಪದ್ಧತಿ ಆಗಷ್ಟೇ ಬಂದಿತ್ತು. ಅದುವರೆಗೆ ಯಂತ್ರವಿದ್ದ ಕೋಣೆಗೆ ಬೀಗ ಹಾಕಿ ಕಾವಲು ಕೂರಿಸಿದರೆ ಒಳಗಿನ ಮಾಹಿತಿ ಸುರಕ್ಷಿತವಾಗಿರುತ್ತಿತ್ತು. ತಂತಿ ಕೋಣೆಯಿಂದ ಹೊರಬಿದ್ದ ಮೇಲೆ ಆ ಬೀಗದಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ವೇರ್ ಅವರ ವಾದ. ತಂತಿಯನ್ನು ಕದ್ದು ಕೇಳಬಹುದು, ಬೇರೊಬ್ಬರ ಹೆಸರಿನಲ್ಲಿ ಒಳನುಗ್ಗಬಹುದು, ಯಂತ್ರವನ್ನು ದುರಸ್ತಿ ಮಾಡುವವನೇ ಮಾಹಿತಿ ಕದಿಯಬಹುದು ಎಂದು ಅವರು ಒಂದೊಂದಾಗಿ ತೋರಿಸಿಕೊಟ್ಟರು. ಅಮೆರಿಕದ ರಕ್ಷಣಾ ಇಲಾಖೆಗಾಗಿ ಅವರ ನೇತೃತ್ವದ ಸಮಿತಿ 1970ರಲ್ಲಿ ಸಿದ್ಧಪಡಿಸಿದ ವರದಿಯ ತೀರ್ಮಾನ ಇನ್ನೂ ಕಟುವಾಗಿತ್ತು. ಯಾರು ಬೇಕಾದರೂ ಸೇರಿಕೊಳ್ಳಬಹುದಾದ ಮುಕ್ತ ವ್ಯವಸ್ಥೆಯನ್ನು ಅಂದಿನ ತಂತ್ರಜ್ಞಾನದಿಂದ ಸುರಕ್ಷಿತವಾಗಿಡಲು ಸಾಧ್ಯವೇ ಇಲ್ಲ ಎಂದು ಅದು ಹೇಳಿತು. ಈ ವರದಿಯನ್ನು 1975ರವರೆಗೆ ರಹಸ್ಯವಾಗಿಡಲಾಯಿತು. ಜಾಲವನ್ನು ಕಟ್ಟುತ್ತಿದ್ದವರಲ್ಲಿ ಬಹುಪಾಲು ಮಂದಿಗೆ ಅದು ಓದಲು ಸಿಗಲೇ ಇಲ್ಲ.

ಅಷ್ಟರಲ್ಲಿ ಜಾಲ ಹುಟ್ಟಿಯಾಗಿತ್ತು. ರಕ್ಷಣಾ ಇಲಾಖೆಯ ಹಣದಿಂದ ನಿರ್ಮಿಸಿದ ಆರ್ಪಾನೆಟ್ಟಿನಲ್ಲಿ ಮೊದಲ ಸಂದೇಶ ಹರಿದದ್ದು 1969ರ ಅಕ್ಟೋಬರ್ 29ರಂದು, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ. ಮೊದಲ ವರ್ಷಗಳಲ್ಲಿ ಅದರಲ್ಲಿದ್ದವರೆಲ್ಲ ವಿಶ್ವವಿದ್ಯಾಲಯ, ಪ್ರಯೋಗಾಲಯಗಳ ಮಂದಿ. ಸಂಖ್ಯೆ ಕಡಿಮೆ, ಪರಿಚಯ ಹೆಚ್ಚು. ಯಾರಾದರೂ ತಪ್ಪು ಮಾಡಿದರೆ ಫೋನ್ ಮಾಡಿ ಕೇಳಬಹುದಿತ್ತು. 1971ರಲ್ಲಿ ಬಿಬಿಎನ್ ಕಂಪನಿಯ ಬಾಬ್ ಥಾಮಸ್ ಬರೆದ ಕ್ರೀಪರ್ ಎಂಬ ಪ್ರೋಗ್ರಾಂ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಹೋಗುತ್ತಿತ್ತು. ಹಾನಿ ಮಾಡುವ ಉದ್ದೇಶ ಅದಕ್ಕಿರಲಿಲ್ಲ, ಹಾಗಾಗಿ ಯಾರೂ ಬೆಚ್ಚಲೂ ಇಲ್ಲ.

ಎಚ್ಚರಿಕೆ ಒಳಗಿನಿಂದಲೇ ಬಂತು. 1973ರ ಡಿಸೆಂಬರಿನಲ್ಲಿ ಬಾಬ್ ಮೆಟ್‌ಕಾಫ್ ಸಹೋದ್ಯೋಗಿಗಳಿಗೆ ಒಂದು ಪುಟ್ಟ ಟಿಪ್ಪಣಿ ಕಳಿಸಿದರು. ಈಥರ್ನೆಟ್ ರೂಪಿಸಿದವರಲ್ಲಿ ಒಬ್ಬರೆಂದು ಇವರು ಮುಂದೆ ಹೆಸರಾದರು. ಯಂತ್ರಕ್ಕೆ ಕೋಣೆಯ ಬೀಗವೇ ಸಾಕೆಂಬ ಹಳೆಯ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಪಾಸ್‌ವರ್ಡುಗಳು ಸುಲಭವಾಗಿ ಊಹಿಸುವಂತಿವೆ, ಜಾಲಕ್ಕೆ ಸೇರುವ ಫೋನ್ ನಂಬರುಗಳು ಎಲ್ಲರಿಗೂ ಗೊತ್ತಿವೆ ಎಂದು ಅದರಲ್ಲಿ ದೂರಿದ್ದರು. ಕನಿಷ್ಠ ಎರಡು ಯಂತ್ರಗಳು ಅನುಮಾನಾಸ್ಪದವಾಗಿ ಕುಸಿದಿದ್ದವು; ಮೂರನೆಯ ಯಂತ್ರವೊಂದರ ಸರ್ವಾಧಿಕಾರದ ಪಾಸ್‌ವರ್ಡು ಲಾಸ್ ಏಂಜಲಿಸ್‌ನ ಇಬ್ಬರು ಹೈಸ್ಕೂಲು ಹುಡುಗರ ಕೈಗೆ ಸಿಕ್ಕಿತ್ತು. ಐವತ್ತು ವರ್ಷಗಳಾಚೆ ಓದಿದರೂ ಆ ಟಿಪ್ಪಣಿಯ ದೂರುಗಳಲ್ಲಿ ಒಂದೂ ಹಳತಾಗಿಲ್ಲ.

ಇಂದಿನ ಇಂಟರ್ನೆಟ್ಟಿನ ತಳಪಾಯ ಬಿದ್ದದ್ದು ವಿಂಟ್ ಸೆರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಲೇಖನದಿಂದ. ಟಿಸಿಪಿ-ಐಪಿ ಎಂಬ ಹೆಸರಿನಲ್ಲಿ ಬೆಳೆದ ಆ ಪ್ರೋಟೊಕಾಲುಗಳಿಗೆ ಆರ್ಪಾನೆಟ್ 1983ರ ಜನವರಿ 1ರಂದು ಬದಲಾಯಿತು. ಈ ವಿನ್ಯಾಸದ ಸತ್ವ ಇಷ್ಟು: ನಡುವಿನ ಜಾಲ ಆದಷ್ಟು ಸರಳವಾಗಿರಬೇಕು, ಕೊಟ್ಟ ಪ್ಯಾಕೆಟ್ಟನ್ನು ವಿಳಾಸದ ಕಡೆ ತಳ್ಳುವುದಷ್ಟೇ ಅದರ ಕೆಲಸ, ಉಳಿದ ಬುದ್ಧಿವಂತಿಕೆಯೆಲ್ಲ ತುದಿಯ ಯಂತ್ರಗಳಲ್ಲಿರಬೇಕು. ಹೊಸದಾಗಿ ಏನನ್ನಾದರೂ ಜೋಡಿಸಲು ಯಾರ ಅನುಮತಿಯೂ ಬೇಡ. ಜಾಲ ಲೋಕವ್ಯಾಪಿಯಾದದ್ದು ಈ ಗುಣದಿಂದಲೇ. ಅದರ ಅಭದ್ರತೆಯ ಬೇರು ಇರುವುದೂ ಇಲ್ಲೇ. ಪ್ಯಾಕೆಟ್ಟಿನ ಮೇಲೆ ಬರೆದ ಕಳುಹಿಸಿದವರ ವಿಳಾಸ ನಿಜವೋ ಸುಳ್ಳೋ ಎಂದು ನಡುವಿನ ಜಾಲ ನೋಡುವುದಿಲ್ಲ. 1982ರಲ್ಲಿ ರೂಪುಗೊಂಡ ಇಮೇಲ್ ಪ್ರೋಟೊಕಾಲ್ ಕೂಡ ಕಳುಹಿಸುವವರು ಹೇಳಿಕೊಂಡ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳುತ್ತಿತ್ತು. ಈ ವಿನ್ಯಾಸದ ಹಿಂದಿನ ಗುರಿಗಳನ್ನು ಎಂಐಟಿಯ ಡೇವಿಡ್ ಕ್ಲಾರ್ಕ್ 1988ರಲ್ಲಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಿದರು. ಜಾಲದ ಭಾಗಗಳು ನಾಶವಾದರೂ ಸಂಪರ್ಕ ಉಳಿಯಬೇಕು ಎಂಬುದು ಮೇಲಿದೆ, ಖರ್ಚಿನ ಲೆಕ್ಕ ಸಿಗಬೇಕು ಎಂಬುದು ಕೊನೆಗಿದೆ. ಸುರಕ್ಷತೆ ಆ ಪಟ್ಟಿಯಲ್ಲೇ ಇಲ್ಲ.

ಇದನ್ನು ಬರೀ ಮರೆವು ಎನ್ನುವುದು ಅನ್ಯಾಯ. 1970ರ ದಶಕದ ನಡುವಿನಲ್ಲಿ ಸೆರ್ಫ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಜೊತೆ ಸೇರಿ ಗೂಢಲಿಪೀಕರಿಸಿದ ಜಾಲವೊಂದರ ಮೇಲೆ ಕೆಲಸ ಮಾಡಿದ್ದರು. ಆ ವಿದ್ಯೆ ಸರ್ಕಾರದ ರಹಸ್ಯವಾಗಿದ್ದರಿಂದ ಅದನ್ನು ಉಳಿದ ಸಂಶೋಧಕರ ಮುಂದೆ ಇಡುವಂತಿರಲಿಲ್ಲ. ಅಂದಿನ ಯಂತ್ರಗಳಿಗೆ ಗೂಢಲಿಪಿಯ ಗಣಿತ ಭಾರವೂ ಆಗಿತ್ತು. ಅದಕ್ಕಿಂತ ದೊಡ್ಡ ತೊಡಕು ಕೀಲಿಗಳದು: ಇಬ್ಬರು ಗುಟ್ಟಾಗಿ ಮಾತಾಡಬೇಕಾದರೆ ಮೊದಲು ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಂಡಿರಬೇಕು, ಮುಖವೇ ನೋಡದ ಲಕ್ಷಾಂತರ ಜನರ ನಡುವೆ ಅದು ಆಗುವ ಮಾತಲ್ಲ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಈ ಗಂಟನ್ನು ಬಿಡಿಸಿದರು. ಎಲ್ಲರೂ ಕೇಳುತ್ತಿರುವ ತಂತಿಯ ಮೇಲೆಯೇ ಇಬ್ಬರು ಅಪರಿಚಿತರು ಒಂದು ಗುಟ್ಟಿನ ಕೀಲಿಗೆ ಬರಬಹುದೆಂದು ತೋರಿಸಿದರು. ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಬಳಸಿ ಆರ್‌ಎಸ್‌ಎ ವಿಧಾನ ರೂಪಿಸಿದರು. ಬ್ರಿಟನ್ನಿನ ಗೂಢಚಾರ ಸಂಸ್ಥೆಯೊಂದರಲ್ಲಿ ಜೇಮ್ಸ್ ಎಲ್ಲಿಸ್ ಮತ್ತು ಕ್ಲಿಫರ್ಡ್ ಕಾಕ್ಸ್ ಇದೇ ವಿಚಾರಗಳನ್ನು ಅದಕ್ಕೂ ಮೊದಲೇ ಕಂಡುಕೊಂಡಿದ್ದು 1997ರಲ್ಲಷ್ಟೇ ಹೊರಜಗತ್ತಿಗೆ ತಿಳಿಯಿತು. ಪ್ರಭುತ್ವಗಳ ಮೌನ ಸುರಕ್ಷತೆಗೆ ಎಷ್ಟು ದುಬಾರಿಯಾಯಿತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಪರಿಪೂರ್ಣ ಸುರಕ್ಷತೆಗೆ ಮಿತಿಯಿದೆ ಎಂಬುದು ಗಣಿತ ಮತ್ತು ತರ್ಕದ ಮಟ್ಟದಲ್ಲೇ ಸ್ಪಷ್ಟವಾದದ್ದು 1980ರ ದಶಕದಲ್ಲಿ. ಯಾವುದೇ ಪ್ರೋಗ್ರಾಂ ವೈರಸ್ಸೋ ಅಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಹೇಳುವ ಇನ್ನೊಂದು ಪ್ರೋಗ್ರಾಂ ಇರಲಾರದು ಎಂದು ಫ್ರೆಡ್ ಕೋಹನ್ ಸಾಧಿಸಿ ತೋರಿಸಿದರು. ಯೂನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನೊಳಗೇ ಒಂದು ಕಳ್ಳಬಾಗಿಲು ಅಡಗಿಸಬಹುದು, ಕಂಪೈಲರಿನ ಮೂಲ ಬರಹದಲ್ಲಿ ಅದರ ಸುಳಿವೇ ಇಲ್ಲದಂತೆ ಮಾಡಬಹುದು ಎಂದು ಅವರು ವಿವರಿಸಿದರು. ಮೂಲ ಬರಹದ ಒಂದೊಂದು ಸಾಲನ್ನೂ ಓದಿ ಒಪ್ಪಿದರೂ ಸಾಲದು; ಅದನ್ನು ತಯಾರಿಸಿದ ಉಪಕರಣವನ್ನೂ, ಆ ಉಪಕರಣವನ್ನು ತಯಾರಿಸಿದ ಉಪಕರಣವನ್ನೂ ನಂಬಬೇಕಾಗುತ್ತದೆ. ಎಲ್ಲೋ ಒಂದು ಕಡೆ ಪರೀಕ್ಷೆ ನಿಲ್ಲುತ್ತದೆ, ನಂಬಿಕೆ ಶುರುವಾಗುತ್ತದೆ.

ಈ ಮಾತುಗಳು ವಿದ್ವಾಂಸರ ವಲಯ ದಾಟಿ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 1988ರ ನವೆಂಬರ್ 2ರ ನಂತರ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಆ ಸಂಜೆ ಎಂಐಟಿಯ ಯಂತ್ರವೊಂದರಿಂದ ಒಂದು ಪ್ರೋಗ್ರಾಮನ್ನು ಜಾಲಕ್ಕೆ ಬಿಟ್ಟರು. ಅದು ಮೂರ್ನಾಲ್ಕು ದಾರಿಗಳಿಂದ ಇತರ ಯಂತ್ರಗಳೊಳಗೆ ಹೊಗುತ್ತಿತ್ತು. ಇಮೇಲ್ ಸಾಗಿಸುವ ಸೆಂಡ್‌ಮೇಲ್ ಪ್ರೋಗ್ರಾಮಿನಲ್ಲಿ ಪರೀಕ್ಷೆಗೆಂದು ಬಿಟ್ಟಿದ್ದ ಕಿಂಡಿ ಒಂದು ದಾರಿ. ಸುಲಭದ ಪಾಸ್‌ವರ್ಡುಗಳನ್ನು ಊಹಿಸುವುದು ಇನ್ನೊಂದು. ಇದಕ್ಕಾಗಿ 432 ಪದಗಳ ಪಟ್ಟಿಯೇ ಪ್ರೋಗ್ರಾಮಿನೊಳಗಿತ್ತು. ಒಂದು ಯಂತ್ರ ನಂಬುವ ಮತ್ತೊಂದು ಯಂತ್ರಕ್ಕೆ ಪಾಸ್‌ವರ್ಡೇ ಇಲ್ಲದೆ ದಾಟುವುದು ಮತ್ತೊಂದು. ಎಲ್ಲಕ್ಕಿಂತ ದೀರ್ಘ ಪರಿಣಾಮ ಬೀರಿದ್ದು ಫಿಂಗರ್ ಎಂಬ ಸಣ್ಣ ಸೇವೆಯ ದೋಷ. ಬಳಕೆದಾರರ ವಿವರ ಕೊಡುವ ಆ ಸೇವೆ ಬಂದ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಲು 512 ಬೈಟುಗಳ ಜಾಗ ಇಟ್ಟುಕೊಂಡಿತ್ತು, ಆದರೆ ಬಂದದ್ದು ಅದಕ್ಕಿಂತ ಉದ್ದವಿದೆಯೇ ಎಂದು ಅಳೆಯುತ್ತಿರಲಿಲ್ಲ. ಉದ್ದದ ಸಂದೇಶ ಆ ಜಾಗ ತುಂಬಿ ಪಕ್ಕದ ಸ್ಮೃತಿಯ ಮೇಲೆ ಉಕ್ಕಿ, ಯಂತ್ರ ಮುಂದೇನು ಮಾಡಬೇಕೆಂಬ ಸೂಚನೆಯನ್ನೇ ಬದಲಿಸಿಬಿಡುತ್ತಿತ್ತು.

ಒಂದು ಯಂತ್ರಕ್ಕೆ ಒಮ್ಮೆ ಸೋಂಕಿದ ಮೇಲೆ ಮತ್ತೆ ಸೋಂಕದಂತೆ ತಡೆಯುವ ಏರ್ಪಾಡು ಮಾರಿಸ್ ಅವರ ಪ್ರೋಗ್ರಾಮಿನಲ್ಲಿತ್ತು. ಆದರೆ ಆ ತಡೆಯನ್ನು ಯಾರಾದರೂ ದುರುಪಯೋಗ ಮಾಡಿಯಾರು ಎಂದು ಏಳಕ್ಕೆ ಒಂದು ಬಾರಿ ತಡೆಯನ್ನು ಲೆಕ್ಕಿಸದಂತೆ ಬರೆಯಲಾಗಿತ್ತು. ಈ ಒಂದು ಅನುಪಾತದಿಂದ ಯಂತ್ರಗಳು ಪ್ರತಿಗಳ ಭಾರಕ್ಕೆ ಕುಸಿದವು. ಸುಮಾರು 60,000 ಯಂತ್ರಗಳ ಜಾಲದಲ್ಲಿ 6,000ದಷ್ಟಕ್ಕೆ ಸೋಂಕಿತು ಎಂಬುದು ಅಂದಿನ ಒರಟು ಅಂದಾಜು. ಇದನ್ನು ನಿಲ್ಲಿಸುವುದು ಹೇಗೆಂದು ತಿಳಿಸುವ ಅನಾಮಧೇಯ ಸಂದೇಶವೊಂದು ಅದೇ ರಾತ್ರಿ ಹೊರಟಿತ್ತು. ಜಾಲವೇ ಕಟ್ಟಿಕೊಂಡಿದ್ದರಿಂದ ಅದು ಸಮಯಕ್ಕೆ ತಲುಪಲಿಲ್ಲ. ಹೆದರಿ ಜಾಲದಿಂದ ಕಳಚಿಕೊಂಡ ಸಂಸ್ಥೆಗಳಿಗೆ ಪರಿಹಾರವೂ ಸಿಗದೆ ಹೋಯಿತು. ಮಾರಿಸ್ ಅವರಿಗೆ 1990ರಲ್ಲಿ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ ಮತ್ತು 10,050 ಡಾಲರ್ ದಂಡದ ಶಿಕ್ಷೆಯಾಯಿತು. ಅವರ ತಂದೆ ಅದೇ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಂಪ್ಯೂಟರ್ ಸುರಕ್ಷತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದರು. ಘಟನೆಯ ಬೆನ್ನಿಗೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ತುರ್ತು ಸ್ಪಂದನ ತಂಡ ಸ್ಥಾಪನೆಯಾಯಿತು. ಫಿಂಗರ್ ಸೇವೆಯನ್ನು ಕೆಡವಿದ ‘ಗೆಟ್ಸ್’ ಎಂಬ ಆಜ್ಞೆ ಮಾತ್ರ ಸಿ ಭಾಷೆಯ ಅಧಿಕೃತ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ದೋಷ ಗೊತ್ತಾಗುವುದಕ್ಕೂ ಅದು ನಿರ್ಮೂಲವಾಗುವುದಕ್ಕೂ ನಡುವಿನ ಈ ಅಂತರ ಸುರಕ್ಷತೆಯ ಚರಿತ್ರೆಯುದ್ದಕ್ಕೂ ಮರುಕಳಿಸುತ್ತದೆ.

ಭಾರತದಲ್ಲಿ ಜಾಲ ಕಾಲಿಟ್ಟದ್ದೂ 1980ರ ದಶಕದಲ್ಲೇ. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿತ್ತು. ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತಲೆಯೆತ್ತಿತು. ರಾಷ್ಟ್ರಮಟ್ಟದ ಸ್ಪಂದನ ತಂಡ ಸರ್ಟ್-ಇನ್ 2004ರಲ್ಲಿ ಕೆಲಸ ಆರಂಭಿಸಿತು.

ವೆಬ್ ಬಂದು ವ್ಯಾಪಾರ ಜಾಲದ ಮೇಲೆ ನಡೆಯತೊಡಗಿದಾಗ ಗೂಢಲಿಪಿ ಅನಿವಾರ್ಯವಾಯಿತು. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಎಸ್‌ಎಸ್‌ಎಲ್ ಪ್ರೋಟೊಕಾಲನ್ನು ತನ್ನ ಬ್ರೌಸರಿಗೆ ಸೇರಿಸಿತು. ಅದೇ ವರ್ಷ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಅದನ್ನು ಭೇದಿಸಿದರು. ಗಣಿತ ಸರಿಯಿತ್ತು, ಗುಟ್ಟಿನ ಸಂಖ್ಯೆಯನ್ನು ಆರಿಸುವ ರೀತಿ ಊಹೆಗೆ ನಿಲುಕುವಂತಿತ್ತು. ಮೇಲಾಗಿ ಅಮೆರಿಕ ಆಗ ಬಲವಾದ ಗೂಢಲಿಪಿಯನ್ನು ಯುದ್ಧಸಾಮಗ್ರಿಯಂತೆ ಕಂಡು, ಹೊರದೇಶಗಳಿಗೆ 40 ಬಿಟ್‌ಗಳ ದುರ್ಬಲ ಕೀಲಿಗಳನ್ನು ಮಾತ್ರ ಕಳಿಸಲು ಬಿಡುತ್ತಿತ್ತು. 2000ದ ಹೊತ್ತಿಗೆ ನಿರ್ಬಂಧ ಸಡಿಲವಾಯಿತು, ಆದರೆ ಆ ದುರ್ಬಲ ವಿಧಾನಗಳು ಸರ್ವರುಗಳ ಒಳಗೆ ಹಾಗೆಯೇ ಉಳಿದುಕೊಂಡವು. 2015ರಲ್ಲಿ ಪತ್ತೆಯಾದ ಫ್ರೀಕ್ ಎಂಬ ದೋಷ ಆ ಪಳೆಯುಳಿಕೆಯನ್ನೇ ಎಬ್ಬಿಸಿ ಆಧುನಿಕ ಬ್ರೌಸರುಗಳನ್ನು ಮೋಸಗೊಳಿಸುತ್ತಿತ್ತು. ಶತ್ರುವಿಗೆಂದು ಉದ್ದೇಶಪೂರ್ವಕವಾಗಿ ಇಟ್ಟ ದೌರ್ಬಲ್ಯ ಕೊನೆಗೆ ಎಲ್ಲರದೂ ಆಯಿತು. ಸರ್ಕಾರಗಳು ಗೂಢಲಿಪಿಯಲ್ಲಿ ತಮಗಾಗಿ ಒಂದು ಕಿಂಡಿ ಬಿಡಿ ಎಂದು ಕೇಳಿದಾಗಲೆಲ್ಲ ನೆನೆಯಬೇಕಾದ ಉದಾಹರಣೆ ಇದು.

ಗೂಢಲಿಪಿ ಇದ್ದರೂ ಎದುರಿಗಿರುವವರು ಯಾರೆಂದು ತಿಳಿಯಬೇಕಲ್ಲ. ಅದಕ್ಕೆ ವೆಬ್ ಕಂಡುಕೊಂಡ ದಾರಿ ಪ್ರಮಾಣಪತ್ರ: ಈ ಜಾಲತಾಣ ನಿಜಕ್ಕೂ ಇಂಥವರದು ಎಂದು ಕೆಲವು ಸಂಸ್ಥೆಗಳು ಸಹಿ ಹಾಕುತ್ತವೆ, ಬ್ರೌಸರ್ ಆ ಸಹಿಯನ್ನು ನಂಬುತ್ತದೆ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಇಂಥ ಸಂಸ್ಥೆಯೊಳಗೆ ನುಗ್ಗಿದವರು ಗೂಗಲ್ ಹೆಸರಿನದೂ ಸೇರಿ 500ಕ್ಕೂ ಹೆಚ್ಚು ಖೋಟಾ ಪತ್ರಗಳನ್ನು ಹೊರಡಿಸಿಕೊಂಡರು. ಅವುಗಳ ನೆರವಿನಿಂದ ಇರಾನಿನ ಬಳಕೆದಾರರ ಇಮೇಲುಗಳ ಮೇಲೆ ಕಣ್ಣಿಡಲಾಯಿತು. ವಿಷಯ ಬಯಲಾದ ಒಂದೇ ತಿಂಗಳೊಳಗೆ ಸಂಸ್ಥೆ ದಿವಾಳಿಯಾಯಿತು. ಮುಂದೆ, ಹೊರಟ ಪ್ರತಿ ಪ್ರಮಾಣಪತ್ರವನ್ನೂ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆಗೆ ಸೇರಿಸುವ ಪದ್ಧತಿ ಬಂತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡತೊಡಗಿತು. ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲು ಮಾಡಿದ ಸಾಮೂಹಿಕ ಕಣ್ಗಾವಲಿನ ವಿವರಗಳು ಈ ಬದಲಾವಣೆಗೆ ವೇಗ ತಂದಿದ್ದವು. ವೆಬ್ಬಿನ ಬಹುಪಾಲು ಸಂಚಾರ ಇಂದು ಗೂಢಲಿಪಿಯಲ್ಲಿ ಸಾಗುತ್ತಿರುವುದು ಸಣ್ಣ ಸಾಧನೆಯಲ್ಲ. ಇಂಟರ್ನೆಟ್ ಎಂದಿಗೂ ಸುಧಾರಿಸದು ಎನ್ನುವವರು ಈ ಹತ್ತು ವರ್ಷಗಳನ್ನು ನೋಡಬೇಕು.

ನಡುವಿನ ಜಾಲದ ಮಾತು ಬೇರೆ. ಒಂದು ಸಂಸ್ಥೆಯ ಜಾಲದಿಂದ ಇನ್ನೊಂದಕ್ಕೆ ದಾರಿ ತೋರಿಸುವ ಬಿಜಿಪಿ ಪ್ರೋಟೊಕಾಲನ್ನು 1989ರಲ್ಲಿ ಇಬ್ಬರು ಎಂಜಿನಿಯರುಗಳು ಊಟದ ಹೊತ್ತಿನಲ್ಲಿ ಕಾಗದದ ಕರವಸ್ತ್ರಗಳ ಮೇಲೆ ಗೀಚಿ ರೂಪಿಸಿದರು. ಇಂಥ ವಿಳಾಸಗಳಿಗೆ ನನ್ನ ಮೂಲಕ ಬನ್ನಿ ಎಂದು ಯಾವುದೇ ಜಾಲ ಘೋಷಿಸಬಹುದು, ಉಳಿದವು ನಂಬುತ್ತವೆ. 2008ರ ಫೆಬ್ರವರಿ 24ರಂದು ಯೂಟ್ಯೂಬನ್ನು ದೇಶದೊಳಗೆ ತಡೆಯಲು ಪಾಕಿಸ್ತಾನ್ ಟೆಲಿಕಾಂ ಮಾಡಿದ ಇಂಥ ಘೋಷಣೆ ಹಾಂಗ್‌ಕಾಂಗ್‌ನ ಸಂಪರ್ಕ ಕಂಪನಿಯ ಮೂಲಕ ಹೊರಗೆ ಸೋರಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಘೋಷಣೆಗಳಿಗೆ ಸಹಿ ಜೋಡಿಸುವ ವ್ಯವಸ್ಥೆ ಈಗ ಇದೆ. ಆದರೆ ಹತ್ತಾರು ಸಾವಿರ ಸ್ವತಂತ್ರ ಜಾಲಗಳು ತಮ್ಮತಮ್ಮ ಖರ್ಚಿನಲ್ಲಿ ಅದನ್ನು ಅಳವಡಿಸಬೇಕಿರುವುದರಿಂದ ಕೆಲಸ ನಿಧಾನ. ಹೆಸರುಗಳನ್ನು ವಿಳಾಸಗಳಿಗೆ ಹೊಂದಿಸುವ ಡಿಎನ್‌ಎಸ್‌ನಲ್ಲೂ ಅದೇ ವರ್ಷ ಡ್ಯಾನ್ ಕಾಮಿನ್‌ಸ್ಕಿ ದೊಡ್ಡ ಬಿರುಕು ಕಂಡರು. ಅವರು ಅದನ್ನು ಗುಟ್ಟಾಗಿ ತಯಾರಕರಿಗೆ ತಿಳಿಸಿದರು, ಎಲ್ಲರೂ ಕೂಡಿ ಜುಲೈ 8ರಂದು ಏಕಕಾಲಕ್ಕೆ ತೇಪೆ ಹೊರತಂದರು. ಪೈಪೋಟಿಯ ಕಂಪನಿಗಳು ಹೀಗೆ ಒಟ್ಟಾದದ್ದು ಅಪರೂಪ.

ಸಾಫ್ಟ್‌ವೇರನ್ನು ಗಣಿತದಿಂದಲೇ ನಿರ್ದೋಷಿ ಎಂದು ಸಾಧಿಸುವ ದಾರಿಯೂ ಇದೆ. 2009ರಲ್ಲಿ ಸಿಡ್ನಿಯ ಸಂಶೋಧಕರು ಎಸ್‌ಇಎಲ್4 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಕರ್ನೆಲ್ ತನ್ನ ನಿರೂಪಣೆಗೆ ತಕ್ಕಂತೆಯೇ ನಡೆಯುತ್ತದೆಂದು ಸಾಧಿಸಿದರು. ಅದರಲ್ಲಿದ್ದದ್ದು ಸುಮಾರು 8,700 ಸಾಲುಗಳು; ಸಾಧನೆಗೆ ಬೇಕಾದದ್ದು ಸುಮಾರು 2 ಲಕ್ಷ ಸಾಲುಗಳು. ಲಿನಕ್ಸ್ ಕರ್ನೆಲ್ಲಿನಲ್ಲಿ ಎರಡು ಕೋಟಿಗೂ ಹೆಚ್ಚು ಸಾಲುಗಳಿವೆ. ಅಂಥ ಸಾಧನೆಯೂ ಯಂತ್ರದ ಚಿಪ್ ಹೇಳಿದಂತೆ ಕೆಲಸ ಮಾಡುತ್ತದೆ ಎಂದು ಊಹಿಸಿಕೊಂಡೇ ಹೊರಡುತ್ತದೆ. 2018ರ ಜನವರಿಯಲ್ಲಿ ಹೊರಬಿದ್ದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ವೇಗಕ್ಕಾಗಿ ಅಡ್ಡದಾರಿ ಹಿಡಿದ ಚಿಪ್ಪುಗಳೇ ಗುಟ್ಟನ್ನು ಸೋರಿಸುತ್ತವೆ ಎಂದು ತೋರಿಸಿದವು.

ಬೀಗ ಎಷ್ಟು ಗಟ್ಟಿಯಾದರೂ ಮನೆಯವರೇ ಬಾಗಿಲು ತೆರೆದುಕೊಟ್ಟರೆ ಕಳ್ಳನಿಗೆ ಕಷ್ಟವಿಲ್ಲ. ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. ಕಾರ್ಡಿನ ನಂಬರು ಕದ್ದರಷ್ಟೇ ಸಾಲದೆಂದಾದ ಮೇಲೆ ವಂಚಕರು ಒಟಿಪಿಯನ್ನೇ ಫೋನಿನಲ್ಲಿ ಕೇಳಿ ಪಡೆಯತೊಡಗಿದರು. ಪೊಲೀಸರ, ಸಿಬಿಐ ಅಧಿಕಾರಿಗಳ ವೇಷದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಇದರ ಮುಂದುವರಿದ ರೂಪ. 2024ರ ಅಕ್ಟೋಬರ್ 27ರಂದು ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಇದರ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ ಧ್ವನಿಮುದ್ರಣ, ಅಂಥ ಕರೆಯನ್ನು ಧೈರ್ಯವಾಗಿ ಎದುರಿಸಿದ ವಿಜಯಪುರದ ವ್ಯಕ್ತಿಯೊಬ್ಬರದು. ಫೋನಿನ ಮೂಲಕ ಬಂಧಿಸುವ ಅಧಿಕಾರ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಇಂಥ ವಂಚನೆಯ ದೂರಿಗೆ ಇರುವ ಸಹಾಯವಾಣಿ 1930. ಈ ಅಪರಾಧದಲ್ಲಿ ಯಾವ ಗೂಢಲಿಪಿಯೂ ಮುರಿಯುವುದಿಲ್ಲ. ಭದ್ರವಾದ ಸಂಪರ್ಕದ ಮೇಲೆಯೇ ಭಯ ಸಾಗಿಬರುತ್ತದೆ.

ಜಾಲದ ತಳದಲ್ಲಿರುವ ದುಡಿಮೆಯೂ ಇಷ್ಟೇ ಮಾನವೀಯ. ಗೂಢಲಿಪಿಗೆ ಜಗತ್ತಿನ ಬಹುಪಾಲು ಸರ್ವರುಗಳು ನಂಬಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಕ್ಕಿತು. ಕೇಳಿದಷ್ಟು ಉದ್ದದ ಮಾಹಿತಿ ತನ್ನ ಬಳಿ ನಿಜಕ್ಕೂ ಇದೆಯೇ ಎಂದು ಅಳೆಯದೆ ಕೊಟ್ಟುಬಿಡುತ್ತಿದ್ದ ಅದು ಒಂದೊಂದು ಬಾರಿಗೆ 64 ಕಿಲೋಬೈಟ್‌ವರೆಗೆ ಸ್ಮೃತಿಯನ್ನು ಸೋರಿಸುತ್ತಿತ್ತು. ಅಳತೆ ನೋಡದ ಇದೇ ಜಾತಿಯ ತಪ್ಪು 1988ರಲ್ಲಿ ಫಿಂಗರ್ ಸೇವೆಯನ್ನು ಕೆಡವಿತ್ತು. ಇಷ್ಟು ಮುಖ್ಯವಾದ ತಂತ್ರಾಂಶವನ್ನು ಪೂರ್ಣಾವಧಿಗೆ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಎಂದು ತಿಳಿದಾಗ ದೊಡ್ಡ ಕಂಪನಿಗಳು ಹಣ ಕೂಡಿಸಿದವು. ಹತ್ತು ವರ್ಷ ಕಳೆದರೂ ಪರಿಸ್ಥಿತಿ ಪೂರ್ತಿ ಬದಲಾಗಿರಲಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಹೆಚ್ಚುಕಡಿಮೆ ಒಬ್ಬರೇ ಬಿಡುವಿನಲ್ಲಿ ನಡೆಸುತ್ತಿದ್ದರು. ಹುಸಿ ಹೆಸರಿನ ಸಹಾಯಕರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ದುಡಿದಂತೆ ತೋರಿಸಿ, ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಅಡಗಿಸಿದರು. 2024ರ ಮಾರ್ಚಿನಲ್ಲಿ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ದೂರದ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಕುತೂಹಲಗೊಂಡು ಹುಡುಕಿದ್ದರಿಂದ ಅದು ಲೋಕಕ್ಕೆ ಹರಡುವ ಮೊದಲೇ ಸಿಕ್ಕಿಬಿತ್ತು. ಥಾಂಪ್ಸನ್ ಕಂಪೈಲರಿನ ಬಗ್ಗೆ ಹೇಳಿದ ಮಾತು ಇಲ್ಲಿ ಮನುಷ್ಯರಿಗೇ ಅನ್ವಯಿಸಿತ್ತು.

ಅಖಂಡವಾಗಿ ನಿಂತಿರುವ ಗಣಿತವೂ ಈಗ ಬದಲಾಗುತ್ತಿದೆ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ತಯಾರಾದರೆ ಆರ್‌ಎಸ್‌ಎ ಮತ್ತು ಡಿಫಿ-ಹೆಲ್‌ಮನ್ ವಿಧಾನಗಳು ಮುರಿಯುತ್ತವೆ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಇಂದು ಕದ್ದು ಕೂಡಿಟ್ಟ ಸಂದೇಶವನ್ನು ಅದು ಬಂದ ದಿನ ತೆರೆಯಬಹುದಾದ್ದರಿಂದ ಕಾಯುವಂತಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಕ್ವಾಂಟಂ ದಾಳಿಯನ್ನು ತಾಳಿಕೊಳ್ಳಬಲ್ಲ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು. ಅವುಗಳ ಕರಡು ರೂಪವೊಂದು ಆಗಲೇ ಪ್ರಮುಖ ಬ್ರೌಸರುಗಳಲ್ಲಿ ಹಳೆಯ ವಿಧಾನದ ಜೊತೆಜೊತೆಗೆ ಕೆಲಸ ಮಾಡತೊಡಗಿತ್ತು. ಈ ವರ್ಗಾವಣೆಗೆ ಅಮೆರಿಕದ ಸರ್ಕಾರ ತನ್ನ ವ್ಯವಸ್ಥೆಗಳ ಮಟ್ಟಿಗೆ ಇಟ್ಟುಕೊಂಡಿರುವ ಗಡುವು 2035.